ಫಲಕ ಬದಲಾದಾಗ ಪೇಟೆಯ ಕಟ್ಟಡ ಕಳೆದುಕೊಳ್ಳುವುದೇನು?

ಸೊರಡಿ (ಜತ್ತ ತಾಲೂಕು): ಅಂಗಡಿಯ ನಾಮಫಲಕ ಯಾವ ಭಾಷೆಯಲ್ಲಿರಬೇಕು ಎಂಬ ಪ್ರಶ್ನೆ ಕಳೆದ ಕೆಲವು ವರ್ಷಗಳಿಂದ ಗಡಿಯ ಎರಡೂ ಬದಿಗಳಲ್ಲಿ ಕಾವೇರಿದೆ. ಮಹಾರಾಷ್ಟ್ರ ಸರಕಾರವು 2022ರಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರ ಸಂಖ್ಯೆ ಎಷ್ಟೇ ಇದ್ದರೂ ಪ್ರತಿಯೊಂದು ಅಂಗಡಿಯ ಮೇಲೆ ದೇವನಾಗರಿ ಲಿಪಿಯ ಮರಾಠಿ ಫಲಕವಿರಬೇಕೆಂದು ವಿಧಿಸಿತು. 2023ರ ಸಪ್ಟೆಂಬರ್ 25ರಂದು ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಪಾಲಿಸಲು ಮುಂಬಯಿಯ ವ್ಯಾಪಾರಿಗಳಿಗೆ ಎರಡು ತಿಂಗಳ ಗಡುವು ನೀಡಿತು. ಅತ್ತ ಕರ್ನಾಟಕವು 2024ರಲ್ಲಿ ತನ್ನ ಕಾಯ್ದೆಯನ್ನು ತಿದ್ದಿ, ಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು ಗೊತ್ತುಪಡಿಸಿತು.

ಎರಡೂ ರಾಜ್ಯಗಳು ತಮ್ಮ ತಮ್ಮ ಭಾಷೆಯ ಹಿತಕ್ಕಾಗಿ ಕೈಗೊಂಡ ಈ ಕ್ರಮಗಳನ್ನು ನಾವು ಆಕ್ಷೇಪಿಸುವುದಿಲ್ಲ. ಮರಾಠಿ ನಮ್ಮ ರಾಜ್ಯದ ಭಾಷೆ. ಅದನ್ನು ನಮ್ಮ ಮಕ್ಕಳು ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಈ ಚರ್ಚೆಯಲ್ಲಿ ಒಂದು ರಾಜ್ಯದ ಒಳಗಿದ್ದು ಇನ್ನೊಂದು ಭಾಷೆಯನ್ನಾಡುವ ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದಂಥ ತಾಲೂಕುಗಳ ಜನ ಎಲ್ಲಿದ್ದಾರೆ ಎಂದು ಹುಡುಕಿದರೆ, ಎಲ್ಲಿಯೂ ಕಾಣುವುದಿಲ್ಲ. ನಮ್ಮ ಪೇಟೆಯ ಹಳೆಯ ಕಟ್ಟಡಗಳು ಯಾವ ಯಾವ ಭಾಷೆಯಲ್ಲಿ ವ್ಯವಹಾರ ನಡೆಸಿದವು, ಅವುಗಳ ನೆತ್ತಿಯ ಮೇಲೆ ಯಾವ ಯಾವ ಹೆಸರುಗಳಿದ್ದವು ಎಂಬುದನ್ನು ನಾವೇ ಬರೆದಿಟ್ಟುಕೊಳ್ಳದಿದ್ದರೆ, ನಾಳೆ ನಮ್ಮ ಭಾಷೆಗೆ ಇಲ್ಲಿ ಬೇರಿತ್ತೆಂದು ತೋರಿಸಲು ಶಾಲೆಯ ಹಾಜರಿ ಪುಸ್ತಕವೊಂದನ್ನು ಬಿಟ್ಟು ಬೇರೆ ದಾಖಲೆ ಉಳಿಯುವುದಿಲ್ಲ. ಈ ಲೇಖನದ ಕಾಳಜಿ ಇಷ್ಟೇ.

ಒಂದೇ ಗೋಡೆ, ಹಲವು ಆಡಳಿತ

ಜತ್ತ ಪೇಟೆಯ ಹಳೆಯ ಅಂಗಡಿಯ ಗೋಡೆಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಮ್ಮ ತಾಲೂಕಿನ ಚರಿತ್ರೆಯನ್ನು ನೋಡೋಣ. ಬ್ರಿಟಿಷರ ಕಾಲದಲ್ಲಿ ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿತ್ತು. ಬಹುಕಾಲ ಅದರ ಮೇಲ್ವಿಚಾರಣೆ ಬಿಜಾಪುರ ಏಜೆನ್ಸಿಯ ಹೆಸರಿನಲ್ಲಿ ಬಿಜಾಪುರದಿಂದಲೇ ನಡೆಯುತ್ತಿತ್ತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆ ರಚನೆಯಾಗಿ ಜತ್ತ ಅದಕ್ಕೆ ಸೇರಿತು. 1956ರಲ್ಲಿ ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದಾಗ ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರ ಉದಯಿಸಿತು; ಅದೇ ವರ್ಷ ದಕ್ಷಿಣ ಸಾತಾರಾ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದಿತು.

ಹದಿಮೂರು ವರ್ಷಗಳ ಒಳಗೆ ಆ ಗೋಡೆ ಅಲುಗಾಡದೆಯೇ ಸಂಸ್ಥಾನ, ಪ್ರಾಂತ, ಜಿಲ್ಲೆ, ರಾಜ್ಯ ಎಲ್ಲವೂ ಬದಲಾದವು. ಗಿರಾಕಿಗಳು ಮಾತ್ರ ಬದಲಾಗಲಿಲ್ಲ. ಸೊರಡಿಯಂಥ ಹಳ್ಳಿಯಿಂದ ಕಾಳು ಮಾರಲು ಬಂದ ರೈತ ಕನ್ನಡದಲ್ಲಿಯೇ ದರ ಕೇಳಿದ. ಅಡತಿ ಅಂಗಡಿಯವರು ಮರಾಠಿ ಬಲ್ಲವರಿಗೆ ಮರಾಠಿಯಲ್ಲಿ, ಕನ್ನಡ ಬಲ್ಲವರಿಗೆ ಕನ್ನಡದಲ್ಲಿ ಉತ್ತರಿಸಿದರು. ಈ ದ್ವಿಭಾಷಿಕ ವ್ಯವಹಾರವೇ ಗಡಿನಾಡಿನ ಪೇಟೆಗಳ ಬಂಡವಾಳ. ಆದರೆ ಮಾತು ಗಾಳಿಗೆ ಹೋಗುತ್ತದೆ, ಬರಹ ಉಳಿಯುತ್ತದೆ. ಫಲಕ, ಪಾವತಿ, ಕೀರ್ದಿ ಪುಸ್ತಕ, ಅರ್ಜಿಯ ನಮೂನೆ ಇವುಗಳಲ್ಲಿ ಯಾವ ಭಾಷೆ ಇತ್ತೋ ಅದನ್ನೇ ಮುಂದಿನವರು ಆ ಊರಿನ ಭಾಷೆಯೆಂದು ತಿಳಿಯುತ್ತಾರೆ.

ಸಾಂಗಲಿಯ ಹೆಸರು ಹೊತ್ತಿದ್ದ ಬ್ಯಾಂಕು

ಹೆಸರು ಅಳಿಯುವ ಬಗೆಯನ್ನು ತಿಳಿಯಲು ನಮ್ಮ ಜಿಲ್ಲೆಯದೇ ಒಂದು ನಿದರ್ಶನವಿದೆ. 1916ರಲ್ಲಿ ಪಟವರ್ಧನ ಅರಸರ ಸಂಸ್ಥಾನವಾಗಿದ್ದ ಸಾಂಗಲಿಯಲ್ಲಿ ಸಾಂಗಲಿ ಬ್ಯಾಂಕು ಸ್ಥಾಪನೆಯಾಯಿತು. ಸಾಂಗಲಿ ಸಂಸ್ಥಾನವೆಂದರೆ ಕೇವಲ ಕೃಷ್ಣಾ ತೀರದ ಮರಾಠಿ ಊರುಗಳಲ್ಲ. ತೇರದಾಳ, ರಬಕವಿ, ಬೆಳಗಾವಿಯ ಪಕ್ಕದ ಶಹಾಪುರ, ಗದಗಿನ ಸಮೀಪದ ಶಿರಹಟ್ಟಿ ಇವೂ ಆ ಸಂಸ್ಥಾನದ ಭಾಗಗಳೇ. ಎಂದರೆ ಸಾಂಗಲಿಯ ಪೇಟೆಗೆ ಕನ್ನಡ ನಾಡಿನ ನೇಕಾರ, ರೈತ, ವ್ಯಾಪಾರಿಗಳ ಒಡನಾಟ ಮೊದಲಿನಿಂದಲೂ ಇತ್ತು. 2007ರಲ್ಲಿ ಈ ಬ್ಯಾಂಕು ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾಯಿತು. ಠೇವಣಿದಾರರ ಹಣ ಸುರಕ್ಷಿತವಾಗಿ ಉಳಿಯಿತು. ಶಾಖೆಗಳಿದ್ದ ಕಟ್ಟಡಗಳೂ ಬಿದ್ದುಹೋಗಲಿಲ್ಲ. ಆದರೆ ತೊಂಬತ್ತು ವರ್ಷ ಫಲಕದ ಮೇಲಿದ್ದ ಊರಿನ ಹೆಸರು ಇಳಿಯಿತು. ಇಂದು ಹತ್ತನೆಯ ಇಯತ್ತೆಯಲ್ಲಿ ಓದುವ ಮಗುವಿಗೆ ಅಂಥದೊಂದು ಬ್ಯಾಂಕು ಇತ್ತೆಂಬುದೇ ಹೊಸ ಸುದ್ದಿ.

ಇದೇ ಬಗೆಯ ಕಥೆಯನ್ನು, ಆದರೆ ಕಟ್ಟಡ ಸಮೇತ ಉಳಿಸಿಕೊಂಡ ಊರೊಂದು ಕರಾವಳಿಯಲ್ಲಿದೆ. ಅದು ಉಡುಪಿ. ಅಲ್ಲಿಯ ಒಂದು ಮನೆಯ ಚರಿತ್ರೆಯನ್ನು ನಮ್ಮ ಪಾಲಕರು ತಿಳಿಯುವುದು ಅಗತ್ಯವೆಂದು ನಮಗನಿಸುತ್ತದೆ.

ಉಡುಪಿಯ ಹಾಜಿ ಅಬ್ದುಲ್ಲಾರ ಮನೆ

1906ರಲ್ಲಿ ಉಡುಪಿ ಒಂದು ಸಣ್ಣ ಊರು. ಅದು ಮೈಸೂರಿಗೂ ಮುಂಬಯಿಗೂ ಸೇರಿರಲಿಲ್ಲ. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಇಂದು ಕೇರಳದಲ್ಲಿರುವ ಕಾಸರಗೋಡೂ ಆಗ ಅದೇ ಜಿಲ್ಲೆಯ ತಾಲೂಕು. ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ. ಮೇಲಿನ ಕಚೇರಿಗಳಲ್ಲಿ ಇಂಗ್ಲಿಷು. ಪ್ರಾಂತದ ರಾಜಧಾನಿಯಿಂದ ದೂರವಿದ್ದು, ಅಲ್ಲಿಯ ಬಹುಸಂಖ್ಯಾತರ ಭಾಷೆಯನ್ನಾಡದ ಜಿಲ್ಲೆ ಅದು. ನಮ್ಮ ಸ್ಥಿತಿಗೂ ಅವರ ಅಂದಿನ ಸ್ಥಿತಿಗೂ ಇರುವ ಹೋಲಿಕೆಯನ್ನು ಬೇರೆ ಹೇಳಬೇಕಾಗಿಲ್ಲ.

ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಇತರ ಗಣ್ಯರನ್ನು ಕೂಡಿಸಿಕೊಂಡು ಒಂದು ಬ್ಯಾಂಕು ತೆರೆಯಲು ನಿರ್ಧರಿಸಿದರು. ಬಡವ ಬಲ್ಲಿದರೆನ್ನದೆ ಎಲ್ಲ ವರ್ಗದವರಲ್ಲಿ ಉಳಿತಾಯದ ಅಭ್ಯಾಸ ಬೆಳೆಯಬೇಕೆಂಬುದು ಅವರ ಉದ್ದೇಶವಾಗಿತ್ತು. 1906ರ ಮಾರ್ಚ್ 12ರಂದು 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್' ಹುಟ್ಟಿತು. ಮೊದಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ವ್ಯವಹಾರ ಆರಂಭವಾದದ್ದು ಹಾಜಿ ಸಾಹೇಬರ ಮನೆಯಲ್ಲಿಯೇ. ಅಂದಿನಿಂದ ಆ ಮನೆ ಕೇವಲ ವಾಸದ ಮನೆಯಾಗಿ ಉಳಿಯಲಿಲ್ಲ, ಊರಿನ ವಾಣಿಜ್ಯದ ಕಟ್ಟಡವಾಯಿತು. ಮೊದಲ ಶಾಖೆ 1923ರಲ್ಲಿ ಕುಂದಾಪುರದಲ್ಲಿ, ಎರಡನೆಯದು 1926ರಲ್ಲಿ ಮಂಗಳೂರಿನಲ್ಲಿ ತೆರೆಯಿತು. ಹದಿನೇಳು ವರ್ಷ ಒಂದೇ ಊರಿನಲ್ಲಿ ಬೇರೂರಿದ ಬಳಿಕವೇ ಅದು ಹೊರಗೆ ಕಾಲಿಟ್ಟಿತೆಂಬುದು ಗಮನಾರ್ಹ.

ಇನ್ನು ಆ ಬ್ಯಾಂಕಿನ ಹೆಸರು ಬದಲಾದ ಕ್ರಮವನ್ನು ನೋಡಬೇಕು. 1939ರಲ್ಲಿ ಹೆಸರಿನಿಂದ 'ಉಡುಪಿ' ಬಿಟ್ಟುಹೋಯಿತು. ಊರಾಚೆ ಬೆಳೆದ ಸಂಸ್ಥೆಗೆ ಊರಿನ ಹೆಸರು ಇಕ್ಕಟ್ಟೆನಿಸಿರಬೇಕು. 1972ರಲ್ಲಿ 'ಕೆನರಾ' ಬಿಟ್ಟುಹೋಗಿ ಬರಿಯ 'ಕಾರ್ಪೊರೇಶನ್ ಬ್ಯಾಂಕ್' ಉಳಿಯಿತು. ಜಿಲ್ಲೆಯ ಹೆಸರೂ, ಅದರೊಳಗೆ ಅಡಗಿದ್ದ 'ಕನ್ನಡ'ವೂ ಹೋದವು. 1980ರ ಏಪ್ರಿಲ್ 15ರಂದು ಬ್ಯಾಂಕು ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ ಉಳಿದ ಹೆಸರೂ ಇಲ್ಲವಾಯಿತು. ಮೊದಲು ಊರು, ಅನಂತರ ನಾಡು, ಕೊನೆಗೆ ಸಂಸ್ಥೆ, ಹೀಗೆ ಒಂದು ಫಲಕ ಮೂರು ಹಂತಗಳಲ್ಲಿ ತನ್ನ ಗುರುತನ್ನು ಕಳಚಿಕೊಂಡಿತು. ಇದರ ಹಿಂದೆ ಯಾರ ದುರುದ್ದೇಶವೂ ಇರಲಿಲ್ಲ. ಪ್ರತಿ ಹಂತದಲ್ಲಿಯೂ ವ್ಯವಹಾರದ ಸಕಾರಣವೇ ಇತ್ತು. ಹೆಸರು ಅಳಿಯುವುದಕ್ಕೆ ವೈರಿ ಬೇಕಾಗಿಲ್ಲವೆಂಬುದೇ ಇಲ್ಲಿ ನಾವು ಕಲಿಯಬೇಕಾದ ಪಾಠ.

ಆದರೂ ಉಡುಪಿಯ ಆ ಮನೆ ಮರೆವಿಗೆ ಸಂದಿಲ್ಲ. ಬ್ಯಾಂಕು ತಾನು ಹುಟ್ಟಿದ ಮನೆಯನ್ನು ಉಳಿಸಿ, ಅಲ್ಲಿ ಪರಂಪರೆಯ ವಸ್ತುಸಂಗ್ರಹಾಲಯವನ್ನು ಮಾಡಿತು. ಪ್ರಾಚೀನ ಕಾಲದಿಂದ ಇಂದಿನವರೆಗಿನ ನಾಣ್ಯಗಳನ್ನು ಅಲ್ಲಿ ಕಾಣಬಹುದು. ಬ್ಯಾಂಕಿನ ಹೆಸರು ಇಲ್ಲವಾದರೂ ಅದು ಯಾರ ಮನೆಯಲ್ಲಿ, ಯಾವ ದಿನ, ಎಷ್ಟು ಹಣದಿಂದ ಆರಂಭವಾಯಿತೆಂದು ನಾವು ಸೊರಡಿಯಲ್ಲಿ ಕುಳಿತು ಪೈಸೆಗೆ ಪೈಸೆ ಹೇಳಬಲ್ಲೆವು. ಕಾರಣ, ಕಟ್ಟಡ ಇದ್ದಾಗಲೇ ಅದರ ಕಥೆಯನ್ನು ಯಾರೋ ಬರೆದಿಟ್ಟರು.

ನಮ್ಮ ಪೇಟೆಗೂ ತಲುಪಿದ ಒಂದು ಮಾತು

ಉಡುಪಿಯ ಕಥೆ ನಮಗೆ ದೂರದ್ದೆಂದು ಕೆಲವರಿಗೆ ಅನಿಸಬಹುದು. ಅವರಿಗೊಂದು ಮಾತು. ಜತ್ತ ಪೇಟೆಯ ಅಂಗಡಿಕಾರರು ಪತಸಂಸ್ಥೆಯ ಏಜೆಂಟರಿಗೆ ದಿನವೂ ಹಣ ಕೊಡುವಾಗ ಅದನ್ನು 'ಪಿಗ್ಮಿ' ಎನ್ನುತ್ತಾರೆ. ಈ ಮಾತು ಹುಟ್ಟಿದ್ದೂ ಅದೇ ಉಡುಪಿಯಲ್ಲಿ. 1925ರಲ್ಲಿ ಅಲ್ಲಿ ಸ್ಥಾಪನೆಯಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಈ ಯೋಜನೆಯನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸಬಲ್ಲ ನೇಕಾರ, ಸಣ್ಣ ವ್ಯಾಪಾರಿ, ಕೂಲಿಕಾರರ ಬಾಗಿಲಿಗೆ ಬ್ಯಾಂಕಿನ ಏಜೆಂಟನೇ ಹೋಗಿ ಹಣ ಪಡೆಯುವ ಪದ್ಧತಿ ಅದು. ಅಕ್ಷರ ಬಾರದವರೂ ಉಳಿತಾಯಕ್ಕೆ ತೊಡಗಲು ಅದು ದಾರಿ ಮಾಡಿತು. ಮನೆಬಾಗಿಲಿಗೆ ಬಂದವನು ಆ ಮನೆಯ ಮಾತನ್ನಾಡಿದರೆ ಮಾತ್ರ ನಂಬಿಕೆ ಹುಟ್ಟುತ್ತದೆ; ನಂಬಿಕೆ ಹುಟ್ಟಿದರೆ ಮಾತ್ರ ಹಣ ಬರುತ್ತದೆ.

ಸಿಂಡಿಕೇಟ್ ಬ್ಯಾಂಕು 2020ರ ಅದೇ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದಕ್ಕೂ ಒಂದು ವರ್ಷ ಮೊದಲು, 2019ರ ಏಪ್ರಿಲ್ 1ರಂದು, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ್ದ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿತ್ತು. ಫಲಕಗಳು ಹೋದವು; 'ಪಿಗ್ಮಿ' ಎಂಬ ಮಾತು ಮಾತ್ರ ನಮ್ಮ ಪೇಟೆಯಲ್ಲಿ ಉಳಿದಿದೆ. ಅದು ಎಲ್ಲಿಂದ ಬಂತೆಂದು ಯಾರೂ ಮಕ್ಕಳಿಗೆ ಹೇಳದಿದ್ದರೆ ಆ ನಂಟೂ ಕಡಿದುಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

ಫಲಕದ ಪ್ರಶ್ನೆಯಲ್ಲಿ ನಮ್ಮ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮರಾಠಿ ಫಲಕ ಕಡ್ಡಾಯವಾದುದರಿಂದ ಕನ್ನಡದಲ್ಲಿ ಬರೆಯುವುದೇ ಅಪರಾಧವೆಂದು ಕೆಲವರು ಹೆದರುತ್ತಾರೆ. ಕನ್ನಡದಲ್ಲಿ ಬರೆದರೆ ಮರಾಠಿ ಬೇಕಾಗಿಲ್ಲವೆಂದು ಇನ್ನು ಕೆಲವರು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಮಹಾರಾಷ್ಟ್ರದ ಕಾಯ್ದೆಯ ಪ್ರಕಾರ ಮರಾಠಿ ಮೊದಲು ಇರಬೇಕು, ಅದರ ಅಕ್ಷರಗಳು ಇತರ ಭಾಷೆಯ ಅಕ್ಷರಗಳಿಗಿಂತ ಚಿಕ್ಕದಾಗಿರಬಾರದು. ಅದರ ಜೊತೆಗೆ ಬೇರೆ ಭಾಷೆಯಲ್ಲಿ ಬರೆಯಲು ಅಡ್ಡಿಯಿಲ್ಲ.

ಸ್ಥಳೀಯ ಸಂಸ್ಥೆಗಳ ಕಟ್ಟಡಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 15ರಂದು ನೀಡಿದ ತೀರ್ಪನ್ನು ಪ್ರತಿಯೊಬ್ಬ ಗಡಿನಾಡಿನ ಪಾಲಕರೂ ತಿಳಿದಿರಬೇಕು. ಅಕೋಲಾ ಜಿಲ್ಲೆಯ ಪಾತೂರ ಎಂಬ ಸಣ್ಣ ಊರಿನ ನಗರ ಪರಿಷದ್ ತನ್ನ ಹೊಸ ಕಟ್ಟಡದ ಫಲಕದಲ್ಲಿ ಮೇಲೆ ಮರಾಠಿಯಲ್ಲಿಯೂ ಕೆಳಗೆ ಉರ್ದುವಿನಲ್ಲಿಯೂ ಹೆಸರು ಬರೆಸಿತ್ತು. ಮಾಜಿ ಸದಸ್ಯರೊಬ್ಬರು ಇದನ್ನು ಪ್ರಶ್ನಿಸಿದರು. 1956ರಿಂದಲೂ ಅಲ್ಲಿ ಉರ್ದು ಬಳಕೆಯಲ್ಲಿದೆ, ಊರಿನ ಜನ ಅದನ್ನು ಓದಬಲ್ಲರು ಎಂದು ಪರಿಷದ್ ಠರಾವು ಮಾಡಿ ಉತ್ತರಿಸಿತು. ಪ್ರಕರಣ ಜಿಲ್ಲಾಧಿಕಾರಿ, ವಿಭಾಗೀಯ ಆಯುಕ್ತ, ನಾಗಪುರ ಪೀಠಗಳನ್ನು ದಾಟಿ ದಿಲ್ಲಿಗೆ ಹೋಯಿತು. 2022ರ ಸ್ಥಳೀಯ ಪ್ರಾಧಿಕಾರಗಳ ರಾಜಭಾಷಾ ಕಾಯ್ದೆಯು ಮರಾಠಿಯ ಬಳಕೆಯನ್ನು ವಿಧಿಸುತ್ತದೆಯೇ ಹೊರತು ಹೆಚ್ಚುವರಿ ಭಾಷೆಯನ್ನು ನಿಷೇಧಿಸುವುದಿಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಜನರೊಡನೆ ಸಂವಹನ ನಡೆಸುವುದೇ ಫಲಕದ ಉದ್ದೇಶ ಎಂಬ ಅರ್ಥದ ಮಾತನ್ನೂ ಅದು ಹೇಳಿತು.

ಪಾತೂರಿನ ಜನ ಗೆದ್ದದ್ದು ಹೇಗೆ? ಅವರ ಕೈಯಲ್ಲಿ ಘೋಷಣೆ ಮಾತ್ರ ಇರಲಿಲ್ಲ, 1956ರಿಂದ ನಡೆದುಬಂದ ಬಳಕೆಯ ಸಂಗತಿ ಇತ್ತು. ಜತ್ತ ತಾಲೂಕಿನ ಗ್ರಾಮ ಪಂಚಾಯತಿಗಳು ನಾಳೆ ಮರಾಠಿಯ ಕೆಳಗೆ ಕನ್ನಡದಲ್ಲಿಯೂ ಹೆಸರು ಬರೆಸಲು ಠರಾವು ಮಾಡಿದರೆ, "ಇಲ್ಲಿ ಕನ್ನಡ ಎಂದಿನಿಂದ ಬಳಕೆಯಲ್ಲಿದೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಉತ್ತರಿಸಲು ಕಾಗದ ಬೇಕು.

1956ರಲ್ಲಿ ಭಾಷಾ ಅಲ್ಪಸಂಖ್ಯಾತರಿಗಾಗಿ ಕೇಂದ್ರ ಸರಕಾರ ಒಪ್ಪಿದ ರಕ್ಷಣೆಗಳೂ ಇದನ್ನೇ ಬಯಸುತ್ತವೆ. ತಾಲೂಕು ಅಥವಾ ನಗರಸಭೆಯಂಥ ಘಟಕದಲ್ಲಿ ಶೇ. 15 ಅಥವಾ ಅದಕ್ಕೂ ಹೆಚ್ಚು ಜನರಾಡುವ ಭಾಷೆಯಲ್ಲಿ ಮುಖ್ಯ ನಿಯಮಗಳು, ಪ್ರಕಟಣೆಗಳು ದೊರೆಯಬೇಕೆಂದು ಅವು ಹೇಳುತ್ತವೆ. ಬ್ಯಾಂಕುಗಳಲ್ಲಿ ಮಾತ್ರ ಇನ್ನೊಂದು ತೊಡಕಿದೆ. ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆ ಎಂಬ ತ್ರಿಭಾಷಾ ಕ್ರಮವನ್ನು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿದೆ. ಇಲ್ಲಿ ಪ್ರಾದೇಶಿಕ ಭಾಷೆಯೆಂದರೆ ರಾಜ್ಯದ ಭಾಷೆಯಾದ ಮರಾಠಿ. ಹೀಗಾಗಿ ಮೂರು ಭಾಷೆಗಳ ನಮೂನೆಯಲ್ಲಿಯೂ ನಮ್ಮ ಅಜ್ಜಿಯರು ಓದಬಲ್ಲ ಭಾಷೆ ಇರುವುದಿಲ್ಲ. ಇದನ್ನು ಸಂಬಂಧಿಸಿದವರ ಗಮನಕ್ಕೆ ತರುವುದಕ್ಕೂ ನಮಗೆ ಸ್ಥಳೀಯ ಆಧಾರಗಳು ಬೇಕು.

ಶಾಲೆ ಮತ್ತು ಪೇಟೆ

ಕನ್ನಡ ಶಾಲೆಗಳಿಗೆ ಶಿಕ್ಷಕರು ಸಾಲದಿರುವಾಗ ಹಳೆಯ ಅಂಗಡಿಗಳ ಚರಿತ್ರೆ ಏಕೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡೂ ಬೇರೆ ಬೇರೆ ವಿಷಯಗಳಲ್ಲ. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂಬ ತತ್ತ್ವ 1949ರ ಶಿಕ್ಷಣ ಸಚಿವರ ಸಮ್ಮೇಳನದಿಂದಲೇ ಬಂದಿದೆ. ಎಂದರೆ ಶಿಕ್ಷಕರ ನೇಮಕ ನಿಂತಿರುವುದು ಪಟದ ಸಂಖ್ಯೆಯ ಮೇಲೆ. ಪಟದ ಸಂಖ್ಯೆ ನಿಂತಿರುವುದು ಪಾಲಕರ ವಿಶ್ವಾಸದ ಮೇಲೆ. ಬೆಳಿಗ್ಗೆ ಶಾಲೆಯಲ್ಲಿ ಕನ್ನಡ ಓದಿದ ಮಗು ಸಂಜೆ ಪೇಟೆಗೆ ಬಂದಾಗ ಯಾವ ಗೋಡೆಯ ಮೇಲೂ ಆ ಅಕ್ಷರ ಕಾಣದಿದ್ದರೆ, ಕಲಿತದ್ದು ಶಾಲೆಯ ಗೇಟಿನ ಒಳಗೆ ಮಾತ್ರ ನಡೆಯುವ ನಾಣ್ಯವೆಂದು ತಿಳಿಯುತ್ತದೆ. ಮನೆಯಲ್ಲಿ ತಂದೆ ತಾಯಿಯರೂ ಕ್ರಮೇಣ ಹಾಗೆಯೇ ತಿಳಿಯುತ್ತಾರೆ. ಶಾಲೆ ಮುಚ್ಚುವುದು ಇಂಥ ತಿಳಿವಳಿಕೆಯಿಂದಲೇ ಆರಂಭವಾಗುತ್ತದೆ.

ಈ ರಜೆಯಲ್ಲಿ ಆಗಬೇಕಾದ ಕೆಲಸ

ಆದ್ದರಿಂದ ನಾವು ಪಾಲಕರ ಮುಂದೆ ಒಂದು ಸಣ್ಣ ಕೆಲಸವನ್ನು ಇಡುತ್ತೇವೆ. ಪ್ರತಿ ಊರಿನ ಕನ್ನಡ ಶಾಲೆಯ ಏಳನೆಯ ಇಯತ್ತೆಯ ಮೇಲಿನ ಮಕ್ಕಳು ತಮ್ಮ ಊರಿನ ಅಥವಾ ಸಂತೆಯೂರಿನ ಒಂದೇ ಒಂದು ಹಳೆಯ ವ್ಯಾಪಾರದ ಕಟ್ಟಡವನ್ನು ಆರಿಸಿಕೊಳ್ಳಲಿ. ಅದು ಕಿರಾಣಿ ಅಂಗಡಿಯಾಗಿರಲಿ, ಅಡತಿ ಅಂಗಡಿಯಾಗಿರಲಿ, ಹಿಟ್ಟಿನ ಗಿರಣಿಯಾಗಿರಲಿ, ಸೊಸಾಯಿಟಿಯ ಗೋದಾಮಾಗಿರಲಿ. ಆ ಕಟ್ಟಡವನ್ನು ಯಾವಾಗ ಕಟ್ಟಿದರು? ಅದರಲ್ಲಿ ಒಂದಾದ ಮೇಲೊಂದರಂತೆ ಯಾವ ಯಾವ ವ್ಯವಹಾರ ನಡೆಯಿತು? ಫಲಕದ ಮೇಲೆ ಯಾವ ಹೆಸರು, ಯಾವ ಭಾಷೆಯಲ್ಲಿತ್ತು? ಲೆಕ್ಕವನ್ನು ಯಾವ ಲಿಪಿಯಲ್ಲಿ ಬರೆಯುತ್ತಿದ್ದರು? ಗಿರಾಕಿಗಳು ಯಾವ ಊರುಗಳಿಂದ ಬರುತ್ತಿದ್ದರು? ಈ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು.

ಉತ್ತರಗಳು ಸಿಗುವ ಸ್ಥಳಗಳೂ ಇವೆ. ಗ್ರಾಮ ಪಂಚಾಯತಿಯ ನಮೂನೆ 8ರಲ್ಲಿ ಆಸ್ತಿಯ ಒಡೆತನ, ಅಳತೆ, ಕರದ ವಿವರಗಳಿರುತ್ತವೆ. ಸಿಟಿ ಸರ್ವೆ ಆದ ಊರುಗಳಲ್ಲಿ ಪ್ರಾಪರ್ಟಿ ಕಾರ್ಡ್ ಸಿಗುತ್ತದೆ. ಹಳೆಯ ಅಂಗಡಿಗಳ ಅಟ್ಟದ ಮೇಲೆ ಕೀರ್ದಿ ಪುಸ್ತಕಗಳು, ಪಾವತಿಗಳು, ಹಬ್ಬದ ಕ್ಯಾಲೆಂಡರುಗಳು ಇರಬಹುದು. ಲೆಕ್ಕದ ವಹಿಗಳು ಮೋಡಿ ಲಿಪಿಯಲ್ಲಿದ್ದರೆ ಎಸೆಯದೆ ತೆಗೆದಿಡಬೇಕು. ಓದಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಎಲ್ಲಕ್ಕಿಂತ ಮೊದಲು ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಕಟ್ಟಡದ ಒಡೆಯರ ಒಪ್ಪಿಗೆ ಪಡೆದೇ ಚಿತ್ರ ತೆಗೆಯಬೇಕು. ಹಣಕಾಸಿನ ಖಾಸಗಿ ವಿವರಗಳನ್ನು ಬರೆಯಬಾರದು. ಮರಾಠಿ ಶಾಲೆಯ ಮಕ್ಕಳೂ ಬಂದರೆ ಸ್ವಾಗತಿಸಬೇಕು, ಏಕೆಂದರೆ ಆ ಗೋಡೆಗಳ ಚರಿತ್ರೆ ಅವರದೂ ಆಗಿದೆ. ಫಲಕ ಮರಾಠಿಯಲ್ಲಿಯೇ ಇತ್ತೆಂದು ತಿಳಿದುಬಂದರೆ ಹಾಗೆಯೇ ಬರೆಯಬೇಕು. ಸುಳ್ಳು ದಾಖಲೆ ಮೊದಲ ಪ್ರಶ್ನೆಗೇ ಕುಸಿಯುತ್ತದೆ, ಅದರೊಡನೆ ನಿಜವಾದ ದಾಖಲೆಯ ಮಾನವನ್ನೂ ಕೆಡಿಸುತ್ತದೆ.

ಹೀಗೆ ಬರೆದ ಪ್ರತಿಯೊಂದು ಬರಹದ ಒಂದು ಪ್ರತಿ ಶಾಲೆಯಲ್ಲಿ, ಒಂದು ಗ್ರಾಮ ಪಂಚಾಯತಿಯಲ್ಲಿ, ಒಂದು ಕಟ್ಟಡದ ಒಡೆಯರ ಮನೆಯಲ್ಲಿ ಉಳಿಯಲಿ. ರಸ್ತೆ ಅಗಲೀಕರಣಕ್ಕೆ, ಹೊಸ ಕಾಂಪ್ಲೆಕ್ಸಿಗೆ ಹಳೆಯ ಮಾಳಿಗೆಗಳು ಒಂದೊಂದಾಗಿ ಬೀಳುತ್ತಿವೆ. ಅವುಗಳನ್ನೆಲ್ಲ ನಿಲ್ಲಿಸುವ ಶಕ್ತಿ ನಮಗಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಬೀಳುವ ಮೊದಲು ಬರೆದುಕೊಳ್ಳುವ ಶಕ್ತಿ ಮಾತ್ರ ನಾಲ್ಕಕ್ಷರ ಕಲಿತ ಪ್ರತಿ ಮಗುವಿಗೂ ಇದೆ. 38 ರೂಪಾಯಿ 13 ಆಣೆ 2 ಪೈಯ ಲೆಕ್ಕವನ್ನು ಉಡುಪಿಯವರು ಇಟ್ಟಂತೆ, ನಮ್ಮ ಪೇಟೆಯ ಲೆಕ್ಕವನ್ನು ನಾವು ಇಡೋಣ. ದೀಪಾವಳಿಯ ರಜೆ ಮುಗಿಯುವುದರೊಳಗೆ ಊರಿಗೊಂದು ಕಟ್ಟಡದ ಬರಹವಾದರೂ ಸಿದ್ಧವಾಗಲೆಂದು ಸಮಸ್ತ ಕನ್ನಡ ಶಾಲೆಗಳ ಪಾಲಕರಲ್ಲಿ ನಾವು ವಿನಂತಿಸುತ್ತೇವೆ.